ಶಾಂತಮಲ್ಲಪ್ಪ ಮೇಷ್ಟ್ರು ತಿದ್ದಿದ ಕಾಗದ

"ನಾನು ಪಿಂಚಣಿ ತಗೊಳ್ಳೋದರೊಳಗೆ ಈ ಗುಂಡ್ಲುಪೇಟೆಯಲ್ಲಿ 'ಸೀ'ಗೂ 'ಲುಕ್'ಗೂ ವ್ಯತ್ಯಾಸ ಗೊತ್ತಿಲ್ಲದ ಒಂದು ನರಪಿಳ್ಳೆಯೂ ಇರಕೂಡದು!"

ಸಾವಿರದ ಒಂಬೈನೂರ ಐವತ್ತೈದರ ಯುಗಾದಿಯ ದಿನ, ಬೇವುಬೆಲ್ಲ ಇನ್ನೂ ಬಾಯಲ್ಲಿರುವಾಗಲೇ ಇಂಗ್ಲಿಷ್ ಮೇಷ್ಟ್ರು ಶಾಂತಮಲ್ಲಪ್ಪನವರು ಮಾಡಿದ ಭೀಷ್ಮಪ್ರತಿಜ್ಞೆ ಇದು. ಒಂದೇ ತರಹ ಕಾಣುವ ಎರಡು ಇಂಗ್ಲಿಷ್ ಪದಗಳು ಸಿಕ್ಕರೆ, ಅವೆರಡನ್ನೂ ಬೇರೆ ಮಾಡಿ ಪಾಲುಪಾರೀಕತ್ತು ಮಾಡಿಸುವವರೆಗೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಹೌಸ್ ಎಂದರೆ ಇಟ್ಟಿಗೆ, ಹೋಮ್ ಎಂದರೆ ಒಲೆ. ಹಿಯರ್ ಎಂದರೆ ಕಿವಿಗೆ ಬೀಳುವುದು, ಲಿಸನ್ ಎಂದರೆ ಕಿವಿಗೊಡುವುದು. ಹೆಂಡತಿ ಗುರುಮಲ್ಲಮ್ಮನ ಮಾತನ್ನು ಅವರು ಮೂವತ್ತು ವರ್ಷ ಬರೀ ಹಿಯರ್ ಮಾಡಿಕೊಂಡೇ ಬಂದಿದ್ದರೆನ್ನುವುದು ಬೇರೆ ವಿಷಯ.

ಮಗಳು ಶಿವರುದ್ರಮ್ಮನಿಗೆ ಇಪ್ಪತ್ತು ತುಂಬಿತ್ತು. ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಮೂರನೆಯದಾಗಿ ಚಾಮರಾಜನಗರದ ಅರಿಶಿಣದ ವ್ಯಾಪಾರಿ ದೊಡ್ಡಮಲ್ಲಪ್ಪನವರು, ಬಂಡೀಪುರದ ಕಡೆ ಗುಮಾಸ್ತನಾಗಿದ್ದ ಮಗ ಗಂಗಾಧರಸ್ವಾಮಿಯನ್ನು ಕರೆತಂದು ಹೆಣ್ಣು ನೋಡಿಹೋದರು. ಅವರನ್ನು ಬಸ್ಸು ಹತ್ತಿಸಿ ಬಂದ ಮೇಷ್ಟ್ರಿಗೆ ಗುರುಮಲ್ಲಮ್ಮ ಪಿಸುಗುಟ್ಟಿದರು.

"ಹುಡುಗ ನಮ್ಮ ರುದ್ರೀನ ಚೆನ್ನಾಗಿ ನೋಡ್ದ ಕಣ್ರೀ."

"ಸೀ ಮಾಡಿದನೋ, ಲುಕ್ ಮಾಡಿದನೋ?"

"ಎರಡು ಸಲ ಉಪ್ಪಿಟ್ಟು ಇಕ್ಕುಸ್ಕೊಂಡ, ಅದು ಗೊತ್ತು! ಇಕ್ಕುವಾಗ ಇವಳೂ ನಕ್ಕಳು. ಈ ಮನೇಲಿ ಮಗಳು ನಕ್ಕು ಎಷ್ಟು ದಿನ ಆಗಿತ್ತು!"

ಹದಿನೈದು ದಿನಕ್ಕೆ ಕಾಗದ ಬಂತು. ನಾಲ್ಕು ಮೂಲೆಗೂ ಅರಿಶಿಣ. ಬರೆದವನು ಹುಡುಗನೇ, ಅದೂ ಇಂಗ್ಲಿಷಿನಲ್ಲಿ! ಮಾವನಾಗುವವರಿಗೆ ಇಂಗ್ಲಿಷ್ ಎಂದರೆ ಪ್ರಾಣವೆಂದು ಯಾರೋ ಕಿವಿಯೂದಿದ್ದರಂತೆ, ಪಾಪ.

ಎರಡನೆಯ ಸಾಲಿಗೆ ಮೇಷ್ಟ್ರ ಹುಬ್ಬು ಗಂಟಿಕ್ಕಿತು. ಮೂರನೆಯ ಸಾಲಿಗೆ ಕೈ ತಾನಾಗಿ ಕೆಂಪು ಶಾಯಿಯ ಕುಡಿಕೆಗೆ ಹೋಯಿತು. ಬರೆದ ಹಾಳೆ ಕಣ್ಣಿಗೆ ಬಿದ್ದರೆ ಅದು ಅವರ ಪಾಲಿಗೆ ಪರೀಕ್ಷೆಯ ಉತ್ತರವೇ! ಹೆಣ್ಣಿಗೆ 'ಹೈ' ಎನ್ನಕೂಡದು, 'ಟಾಲ್' ಎನ್ನಬೇಕು ಎಂದು ಅಂಚಿನಲ್ಲಿ ಬರೆದರು. ವೆಡ್ಡಿಂಗ್ ಒಂದು ದಿನದ್ದು, ಮ್ಯಾರೇಜ್ ಜೀವಮಾನದ್ದು ಎಂದು ಉಪದೇಶಿಸಿದರು. ಒಟ್ಟು ಹನ್ನೊಂದು ತಪ್ಪು. ನ್ಯಾಯವಾಗಿ ಸೊನ್ನೆ ಕೊಡಬೇಕಿತ್ತು. ಅಳಿಯನಾಗುವವನೆಂದು ಹತ್ತಕ್ಕೆ ಎರಡು ಅಂಕ ಧರ್ಮಕ್ಕೆ ದಯಪಾಲಿಸಿ, 'ತಿದ್ದಿ ಬರೆದು ಕಳುಹಿಸುವುದು' ಎಂದು ರುಜು ಹಾಕಿ ಆ ದಿನದ ಟಪಾಲಿಗೇ ಹಾಕಿಬಿಟ್ಟರು.

"ಒಪ್ಪಿಗೆ ಅಂತ ಒಂದು ಮಾತು ಬರದ್ರಾ?" ಎಂದರು ಗುರುಮಲ್ಲಮ್ಮ.

"ಮೊದಲು ಭಾಷೆ ಸರಿಹೋಗಲಿ, ಒಪ್ಪಿಗೆ ಆಮೇಲೆ."

"ಅಯ್ಯೋ ಶಿವನೇ! ಅರಿಶಿಣ ಹಚ್ಚಿದ ಕಾಗದಾನ ವಾಪಸ್ ಕಳುಸ್ಬುಟ್ರಾ? ಹೆಣ್ಣು ಕೊಡಲ್ಲ ಅಂತ ತಾನೆ ಅದರರ್ಥ! ನಿಮ್ಮ ಬುದ್ಧಿಗಿಷ್ಟು ಬೆಂಕಿ ಬೀಳ!"

ತಿಂಗಳು ಕಳೆಯಿತು, ಉತ್ತರವಿಲ್ಲ. ಮೇಷ್ಟ್ರ ಮೀಸೆ ಇಳಿಯಿತು. ಮಗಳ ಮುಖ ನೋಡಲಾರದೆ ಒಂದು ಭಾನುವಾರ ಚಾಮರಾಜನಗರದ ಬಸ್ಸು ಹತ್ತಿದರು.

ದೊಡ್ಡಮಲ್ಲಪ್ಪನವರು ಅರಿಶಿಣದ ಮೂಟೆಗಳ ನಡುವೆ ಕೂರಿಸಿ ಕಾಫಿ ಕೊಟ್ಟರು.

"ತಪ್ಪಾಯಿತು ಯಜಮಾನರೇ. ಹುಡುಗನಿಗೆ ನಾನೇ ಹೇಳುತ್ತೇನೆ" ಎಂದರು ಮೇಷ್ಟ್ರು. ಆ ಬಾಯಿಂದ ತಪ್ಪೊಪ್ಪಿಗೆ ಬಂದದ್ದು ಅದೇ ಮೊದಲು.

"ಕೋಪ ಏನಿಲ್ಲ ಬುಡಿ ಮೇಷ್ಟ್ರೇ. ಡಿಕ್ಷನರಿ ಮುಂದಿಟ್ಕಂಡು ಎಂಟು ದಿನ ಕುಂತು ಬರದಿದ್ದ. ನಿಮ್ಮ ಕೆಂಪು ಗೀಟು ನೋಡಿ ಹರಿದು ಒಲೆಗಾಕ್ಬುಟ್ಟ. ಈಗ ಸಂತೆಮರಹಳ್ಳೀಲಿ ಹೆಣ್ಣು ಗೊತ್ತಾಗ್ಯದೆ. ಅವರಪ್ಪಂಗೆ ರುಜು ಹಾಕಕ್ಕೂ ಬರಲ್ಲ, ಹೆಬ್ಬೆಟ್ಟು. ಅದು ಕೇಳ್ದೇಟ್ಗೇ ನಮ್ಮುಡುಗ ಒಪ್ಪಿಬುಟ್ಟ!"

ಸಂಜೆ ಮನೆಗೆ ಬಂದಾಗ ಶಿವರುದ್ರಮ್ಮ ಕಾಲಿಗೆ ನೀರು ತಂದಿಟ್ಟಳು. ತಂದೆಯ ಮುಖ ನೋಡಿಯೇ ಅವಳಿಗೆ ಎಲ್ಲ ತಿಳಿಯಿತು. ಊರಿನ ಮಕ್ಕಳಿಗೆಲ್ಲ ಇಂಗ್ಲಿಷ್ ಕುಟ್ಟಿ ತುಂಬಿದ ಮೇಷ್ಟ್ರು, ಹೆಣ್ಣಿಗೇಕೆ ಎಂದು ಮಗಳಿಗೆ ಒಂದಕ್ಷರವನ್ನೂ ಕಲಿಸಿರಲಿಲ್ಲ.

"ಅಪ್ಪಾ, ಓದಕ್ಕೆ ನಂಗೆ ಬರಲ್ವಲ್ಲ. ಅವರು ನನ್ನ ಬಗ್ಗೆ ಏನು ಬರದಿದ್ರು?"

ಹನ್ನೊಂದು ತಪ್ಪುಗಳೂ ಮೇಷ್ಟ್ರ ನಾಲಗೆಯ ತುದಿಯಲ್ಲಿದ್ದವು. ಉಳಿದದ್ದನ್ನು ಎಷ್ಟು ತಡಕಿದರೂ ಸಿಗಲಿಲ್ಲ.

"ನೀನು... ಎತ್ತರ ಇದ್ದೀಯ ಅಂತ..."

"ಎರಡು ಹಾಳೆ ತುಂಬ ಬರದಿದ್ರಲ್ಲಪ್ಪಾ" ಎಂದಳು ಮಗಳು. "ಅಷ್ಟೇನಾ?"