ಹ್ಯಾಂಡಲಿಗೆ ಕಟ್ಟಿದ ಬುದ್ಧಿ

ಸೈಕಲ್ ಪಂದ್ಯ ನಡೆಸುವವರಿಗೆ ನಗುವುದಕ್ಕೆ ಬೇರೆ ಏರ್ಪಾಡು ಬೇಕಾಗುವುದಿಲ್ಲ. ವರ್ಷಕ್ಕೊಮ್ಮೆ ಸೀಟಿ ಊದಿದರೆ ಸಾಕು, ಉಳಿದದ್ದು ತಾನಾಗಿ ನಡೆಯುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲೂಕಿನವರು ಸೇರಿ ನಡೆಸುತ್ತಿದ್ದ ಪಂದ್ಯಕ್ಕೆ ಬಹಳ ವರ್ಷ ನಾನೇ ತೀರ್ಪುಗಾರ. ನನಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಹಾಗಾಗಿ ನನ್ನ ನಿಷ್ಪಕ್ಷಪಾತದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ.

ಪಂದ್ಯಕ್ಕೆ ಹತ್ತಾರು ಜನ ಬರುತ್ತಿದ್ದರೂ ನಿಜವಾದ ಸ್ಪರ್ಧಿಗಳು ಇಬ್ಬರೇ. ಒಬ್ಬರು ಶಿರಸಿಯ ಹೈಸ್ಕೂಲಿನ ಡ್ರಿಲ್ ಮಾಸ್ತರರು, ಮೂಲತಃ ಬನವಾಸಿ ಕಡೆಯವರು. ಇನ್ನೊಬ್ಬ ಸಿದ್ದಾಪುರದ ಹಾಲಿನವ. ದಿನಾ ಬೆಳಿಗ್ಗೆ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವನು. ಪಂದ್ಯದ ದಿನ ಕ್ಯಾನು ಬಿಚ್ಚಿಟ್ಟು ಬರುತ್ತಿದ್ದ. ಅವನ ತಯಾರಿ ಅಷ್ಟೇ. ಮಾಸ್ತರರಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಒಂದೇ: ಒಮ್ಮೆಯಾದರೂ ಅವನಿಗಿಂತ ಒಂದು ಚಕ್ರ ಮುಂದೆ ಗೆರೆ ದಾಟುವುದು. ಕಾಲಿನಿಂದ ಅದು ಸಾಧ್ಯವಾಗದಿದ್ದಾಗ ಅವರು ಯಂತ್ರಗಳ ಕಡೆ ತಿರುಗಿದರು.

೧. ಟಕ್ ಟಕ್ ಮೀಟರು

ಮೊದಲ ಯಂತ್ರ ಬಂದದ್ದು ತೊಂಬತ್ತರ ದಶಕದಲ್ಲಿ. ಮುಂದಿನ ಚಕ್ರದ ಕಡ್ಡಿಗೆ ಒಂದು ಮೊಳೆ. ಚಕ್ರ ಒಂದು ಸುತ್ತು ಬಂದಾಗಲೆಲ್ಲ ಅದು ಮೀಟರಿನ ಹಲ್ಲಿಗೆ ಬಡಿದು 'ಟಕ್' ಎನ್ನುತ್ತದೆ. ಮಾಸ್ತರರು ಮಾರಿಗುಡಿಯ ಹತ್ತಿರ ಇದ್ದಾಗಲೇ ಅವರು ಬರುವುದು ಬಸ್ ಸ್ಟ್ಯಾಂಡಿನವರಿಗೆ ತಿಳಿಯುತ್ತಿತ್ತು.

ಆ ಮೀಟರಿನ ಪ್ರಕಾರ ಶಿರಸಿಯಿಂದ ಸಿದ್ದಾಪುರಕ್ಕೆ ಮೈಲುಗಲ್ಲುಗಳು ಹೇಳುವುದಕ್ಕಿಂತ ಎರಡು ಕಿಲೋಮೀಟರು ಹೆಚ್ಚು. ಮಾಸ್ತರರು ಸುಮ್ಮನಿರುವವರಲ್ಲ. ರಸ್ತೆ ಕೆಲಸ ನೋಡುವ ಇಂಜಿನಿಯರರ ಮುಂದೆ ಹೋಗಿ ನಿಂತರು.

"ನಿಮ್ಮ ಕಲ್ಲು ತಪ್ಪಾಗ್ಯಾವ್ರಿ. ಎಲ್ಲಾ ಕಿತ್ತು ಮತ್ತ ನಡಸ್ರಿ."

ಇಂಜಿನಿಯರರು ಮೀಟರನ್ನು ತಿರುಗಿಸಿ ನೋಡಿದರು. "ಮಾಸ್ತರೇ, ಹೋಗುವಾಗ ಗುಂಡಿ ತಪ್ಪಿಸಿಕೊಂಡು ಹೋದಿರೋ, ಗುಂಡಿಯೊಳಗೇ ಹೋದಿರೋ?"

"ಗುಂಡ್ಯಾಗ ಯಾಕ ಹೋಗ್ಲಿ? ತಪ್ಪಿಸಿಕೊಂಡೇ ಹೋಗೀನಿ."

"ಹಾಗಾದರೆ ನಿಮ್ಮ ಮೀಟರೂ ಸರಿ ಇದೆ, ನಮ್ಮ ಕಲ್ಲೂ ಸರಿ ಇದೆ. ಕಲ್ಲು ನೆಟ್ಟಾಗ ಗುಂಡಿ ಇರಲಿಲ್ಲ."

೨. ವಾನಳ್ಳಿ ರಸ್ತೆಯ ಅಜ್ಜಿ

ಹೊಸ ಶತಮಾನದ ಜೊತೆಗೇ ಬ್ಯಾಟರಿ ಮೀಟರು ಬಂತು. ಬೆಂಕಿಪೊಟ್ಟಣದಷ್ಟು ಗಾತ್ರ, ವೇಗವನ್ನು ಅಂಕಿಯಲ್ಲೇ ತೋರಿಸುತ್ತಿತ್ತು. ಅದನ್ನು ಕಟ್ಟಿಕೊಂಡು ಮಾಸ್ತರರು ವಾನಳ್ಳಿ ರಸ್ತೆಯಲ್ಲಿ ಅಭ್ಯಾಸಕ್ಕೆ ಹೊರಟರು. ಆದರೆ ಆ ಕಡೆ ಪರಿಚಯದವರು ಮನೆಯ ಮುಂದೆ ಹಾದು ಹೋದರೆ 'ಆಸರಿ' ಕೊಡದೆ ಬಿಡುವ ಪದ್ಧತಿ ಇಲ್ಲ. ಒಂದು ಲೋಟ ಮಜ್ಜಿಗೆಯನ್ನಾದರೂ ಕುಡಿದೇ ಹೋಗಬೇಕು. ಮಾಸ್ತರರ ಶಿಷ್ಯರು ಎಲ್ಲ ಮನೆಗಳಲ್ಲೂ ಇದ್ದರು. ನಾಲ್ಕನೆಯ ಮಜ್ಜಿಗೆಯ ಹೊತ್ತಿಗೆ ಅಭ್ಯಾಸ ಅರ್ಧಕ್ಕೆ ನಿಂತಿತ್ತು.

ಆ ನಾಲ್ಕನೆಯ ಮನೆಯ ಅಜ್ಜಿ ಮೀಟರನ್ನು ನೋಡಿ, "ಇದು ಎಂತದು ಮಾಸ್ತರ್ರೇ?" ಎಂದು ಕೇಳಿದರು.

"ನಾ ಎಷ್ಟು ಜೋರಾಗಿ ಹೊಂಟೀನಿ ಅಂತ ಹೇಳ್ತದ್ರಿ ಅಮ್ಮಾರ."

ಅಜ್ಜಿಗೆ ನಿಜವಾಗಿಯೂ ಕನಿಕರವಾಯಿತು. "ಸೈಕಲ್ ಹೊಡಿತಾ ಇಪ್ಪದು ನಿಂಗವೇ ಅಲ್ದಾ? ನಿಂಗಕ್ಕೇ ಗೊತ್ತಾಗ್ತಿಲ್ಯಾ?"

೩. ಆಕಾಶದಿಂದ ಬಂದ ಮಾತು

ಕೆಲವು ವರ್ಷಗಳ ಮೇಲೆ, ಹಡಗಿನಲ್ಲಿ ಕೆಲಸಕ್ಕಿದ್ದ ಹಳೆಯ ಶಿಷ್ಯನೊಬ್ಬ ಜಿಪಿಎಸ್ ಯಂತ್ರ ತಂದುಕೊಟ್ಟ. ಉಪಗ್ರಹಗಳನ್ನು ಕೇಳಿಕೊಂಡು ನಮ್ಮ ವೇಗ ಹೇಳುವಂಥದ್ದು. ಗಾತ್ರದಲ್ಲಿ ಸಣ್ಣ ಟ್ರಾನ್ಸಿಸ್ಟರ್ ರೇಡಿಯೋ. ಸೈಕಲ್ ಶಾಪಿನವನು ಅದನ್ನು ಹ್ಯಾಂಡಲಿಗೆ ಬಿಗಿಯುತ್ತ, "ಪಂದ್ಯಕ್ಕೆ ಇಷ್ಟು ದೊಡ್ಡದು ಯಾಕೆ ಮಾಸ್ತರೇ? ಭಾರ ಬೇರೆ," ಎಂದ.

"ಚಾಳೀಸು ಬಂದೈತೋ ಮಾರಾಯಾ. ಸಣ್ಣ ಅಕ್ಷರ ಕಾಣೂದಿಲ್ಲ."

ಅದಕ್ಕೆ ನಮ್ಮ ಊರುಗಳ ಪರಿಚಯವಿರಲಿಲ್ಲ. ಪರದೆಯಲ್ಲಿ ರಸ್ತೆಯಿಲ್ಲ, ಊರಿಲ್ಲ. ಬಿಳಿಯ ಬಯಲಿನ ನಡುವೆ ಒಂದು ಬಾಣ, ಅದೇ ಮಾಸ್ತರರು. ಯಲ್ಲಾಪುರದ ರಸ್ತೆಯ ದಟ್ಟ ಕಾಡಿಗೆ ಹೊಕ್ಕಾಗ ಉಪಗ್ರಹವೂ ಕೈಬಿಟ್ಟಿತು. ಮಾಸ್ತರರು ಬೆವರು ಸುರಿಸಿ ಏರು ಹತ್ತುತ್ತಿದ್ದಾರೆ, ಯಂತ್ರ 'ಸವಾರ ನಿಂತಿದ್ದಾನೆ' ಎನ್ನುತ್ತಿದೆ. ಆಕಾಶದಿಂದ ಬಂದ ಮಾತನ್ನು ಸುಳ್ಳು ಎನ್ನುವುದು ಹೇಗೆ? ಪರೀಕ್ಷೆ ಮಾಡೋಣವೆಂದು ಇಳಿದು, ಸೈಕಲ್ಲನ್ನು ಮರಕ್ಕೆ ಒರಗಿಸಿ, ಪಕ್ಕದಲ್ಲಿ ಕೂತರು. ಆಗ ಯಂತ್ರ ಕೀಂ ಎಂದು, ಗಂಟೆಗೆ ಆರು ಕಿಲೋಮೀಟರು ವೇಗ ತೋರಿಸಿತು.

೪. ಹೋದ ವರ್ಷದ ಹಾಲಿನವ

ಮೂರು ವರ್ಷ ಸತತವಾಗಿ ಗೆದ್ದ ತಾಲೂಕಿಗೆ ಪಂದ್ಯದ ಬಹುಮಾನವಾದ ಢಾಲು ಕಾಯಂ ಎಂಬುದು ನಿಯಮ. ಹಳೆಯ ಢಾಲುಗಳೆಲ್ಲ ಹಾಗೇ ಸಿದ್ದಾಪುರ ಸೇರಿದ್ದವು; ಈ ಢಾಲನ್ನೂ ಹಾಲಿನವ ಎರಡು ವರ್ಷ ಗೆದ್ದಿದ್ದ. ಇನ್ನೊಂದು ಢಾಲು ಮಾಡಿಸಿಕೊಡುವ ದಾನಿ ಮೂರು ತಾಲೂಕಿನಲ್ಲೂ ಸಿಕ್ಕಿರಲಿಲ್ಲ. ಈ ಸಲ ಅವನು ಗೆದ್ದರೆ ಢಾಲೂ ಹೋಯಿತು, ಪಂದ್ಯವೂ ನಿಂತಿತು, ಮಾಸ್ತರರ ಆಸೆಯೂ ಮುಗಿಯಿತು.

ಮಾಸ್ತರರು ಯಂತ್ರದ ಪುಸ್ತಕವನ್ನು ಪರೀಕ್ಷೆಗೆ ಓದಿದಂತೆ ಓದಿದರು. ಯಂತ್ರದೊಳಗೆ ಒಬ್ಬ ಪುಟ್ಟ ಸವಾರನಿದ್ದಾನೆ; ನಾವು ಹೇಳಿದ ವೇಗದಲ್ಲಿ ಅವನು ಪರದೆಯ ಮೇಲೆ ಓಡುತ್ತಾನೆ; ನಾವು ಅವನಿಗಿಂತ ಹಿಂದೋ ಮುಂದೋ ತಿಳಿಯುತ್ತದೆ. ಮಾಸ್ತರರು ನನ್ನ ಟಿಪ್ಪಣಿ ಪುಸ್ತಕ ನೋಡಿ, ಹಾಲಿನವನ ಹೋದ ವರ್ಷದ ವೇಗವನ್ನೇ ಆ ಪುಟ್ಟ ಸವಾರನಿಗೆ ಕೊಟ್ಟರು. "ಇವನ್ನ ಸೋಲಿಸಿದ್ರ ಮುಗೀತು ನೋಡ್ರಿ," ಎಂದರು. ತರ್ಕದಲ್ಲಿ ದೋಷ ಕಾಣಲಿಲ್ಲ.

ಶಿರಸಿಯಿಂದ ಸಿದ್ದಾಪುರಕ್ಕೆ ಪಂದ್ಯ. ನಾನು ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಜೊತೆಗೇ ಹೋದೆ. ಊರು ದಾಟುವಷ್ಟರಲ್ಲಿ ಇಬ್ಬರೇ ಮುಂದೆ ಉಳಿದರು. ಮಾಸ್ತರರ ಕಣ್ಣು ಪರದೆಯ ಮೇಲೆ. ಹಾಲಿನವ ಅವರ ಹಿಂದಿನ ಚಕ್ರಕ್ಕೆ ಅಂಟಿಕೊಂಡು, ಎದುರುಗಾಳಿಯನ್ನೆಲ್ಲ ಮಾಸ್ತರರಿಗೆ ಬಿಟ್ಟುಕೊಟ್ಟು, ಆರಾಮಾಗಿ ಬರುತ್ತಿದ್ದ.

"ಮಾಸ್ತರ್ರೇ, ಈಗ ಸ್ಪೀಡು ಎಷ್ಟಿದ್ದು?"

ಪ್ರಶ್ನೆ ಕೇಳಿದವನಿಗೆ ಉತ್ತರ ಹೇಳದೆ ಇರುವುದು ಇಪ್ಪತ್ತು ವರ್ಷದ ಮಾಸ್ತರಿಕೆಯಿಂದ ಆಗುವ ಮಾತಲ್ಲ. "ಹದಿನೆಂಟು ಐತಿ."

"ಜೋರಾತಾ?"

"ಈ ಏರಿಗೆ ಸ್ವಲ್ಪ ಜೋರಾತು. ಈಗ ದಣಿಬ್ಯಾಡ ತಮ್ಮಾ, ಮುಂದ ಇನ್ನೊಂದು ಏರು ಐತಿ."

"ಅಡ್ಡಿಲ್ಲೆ." ಸ್ವಲ್ಪ ದೂರ ಹೋದ ಮೇಲೆ, "ಆ ಸಣ್ಣಂವ ಯಾರು ಅದರೊಳಗೆ?"

"ನೀನ. ಹೋದ ವರ್ಷದ ನೀನು. ನಲವತ್ತು ಸೆಕೆಂಡು ಹಿಂದ ಬಿದ್ದಿ ನೋಡು."

"ಅಯ್ಯೋ ಪಾಪ," ಎಂದ ಹಾಲಿನವ.

ಮಾಸ್ತರರಿಗೆ ಸನ್ನೆ ಮಾಡಲೇ ಎಂದು ನನಗೆ ಅನ್ನಿಸಿತು. ಆದರೆ ತೀರ್ಪುಗಾರ ಕಣ್ಣು ಮಿಟುಕಿಸಬಾರದು. ಸಿದ್ದಾಪುರದ ಮನೆಗಳು ಕಾಣತೊಡಗಿದವು. ಪುಟ್ಟ ಸವಾರ ಎರಡು ನಿಮಿಷ ಹಿಂದೆ ಬಿದ್ದಿದ್ದ. ಮಾಸ್ತರರ ಮುಖದಲ್ಲಿ ಗೆದ್ದವನ ಕಳೆ.

"ಮಾಸ್ತರ್ರೇ, ಇನ್ನು ಎಷ್ಟು ದೂರ?"

"ಆರ್ನೂರು ಮೀಟರು."

"ಹಂಗಾರೆ ಆನು ಬತ್ತೆ," ಎಂದು ವಿನಯದಿಂದ ಅಪ್ಪಣೆ ಕೇಳಿದ ಹಾಲಿನವ.

"ಹೂಂ, ಹುಷಾರಾಗಿ ಹೋಗು," ಎಂದರು ಮಾಸ್ತರರು ಪರದೆಯಿಂದ ಕಣ್ಣು ತೆಗೆಯದೆ.

ಮಾಸ್ತರರು ಗೆರೆ ದಾಟುವಾಗ ಹಾಲಿನವ ಆಗಲೇ ಆಚೆ ನಿಂತು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಮಾಸ್ತರರು ಇಳಿದವರೇ ಯಂತ್ರವನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ನೋಡ್ರಿ, ಹೋದ ವರ್ಷದ ಇವನಕಿಂತ ಎರಡು ನಿಮಿಷ ಮುಂದ ಬಂದೀನಿ. ಅಂದ್ರ ಹೋದ ವರ್ಷದ ಪಂದ್ಯ ನಾ ಗೆದ್ದಂಗಾತು. ಬರಕೋರಿ."

ಸಿದ್ದಾಪುರದವರೆಲ್ಲ ನಕ್ಕರು. ಹಾಲಿನವ ಮಾತ್ರ ನಗಲಿಲ್ಲ. ಮಾಸ್ತರರ ಮುಖವನ್ನೊಮ್ಮೆ, ಮೇಜಿನ ಮೇಲಿದ್ದ ಢಾಲನ್ನೊಮ್ಮೆ ನೋಡಿ ನನ್ನ ಹತ್ತಿರ ಬಂದ.

"ಮಾಸ್ತರ್ರು ಹೇಳದು ಸಮ ಇದ್ದು. ಹೋದ ವರ್ಷದ್ದು ಅವರ ಹೆಸರಿಗೇ ಬರ್ಕಳಿ. ಆನು ಮೂರು ವರ್ಷ ಗೆದ್ದಂಗೆ ಆಗ್ಲಿಲ್ಲೆ, ಢಾಲು ಪಂದ್ಯಕ್ಕೇ ಇರ್ಲಿ, ಬಪ್ಪ ವರ್ಷ ಮತ್ತೆ ಪಂದ್ಯ ಆಗ್ಲಿ." ಆಮೇಲೆ ಮಾಸ್ತರರ ಕಡೆ ತಿರುಗಿ ದನಿ ತಗ್ಗಿಸಿದ. "ಮಷಿನ್ ಮಾತ್ರ ಇನ್ನೂ ಸ್ವಲ್ಪ ದೊಡ್ಡದು ತನ್ನಿ ಮಾಸ್ತರ್ರೇ. ಹಿಂದಿಂದ ಅಕ್ಷರ ಸಮ ಕಾಣ್ತಿಲ್ಲೆ. ಪ್ರತಿ ಸಲ ಕೇಳಲೆ ನಾಚಿಕೆ ಆಗ್ತು."