ಬೀಗರೂಟಕ್ಕೆ ಬುತ್ತಿ ಕಟ್ಟಿಕೊಂಡು ಹೋದದ್ದು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನನ್ನ ತಪ್ಪೇನೂ ಇರಲಿಲ್ಲ. ತಪ್ಪೆಲ್ಲ ಡಾಕ್ಟರದು. "ಹೊಟ್ಟೆ ಸ್ವಲ್ಪ ಜಾಸ್ತಿಯಾಗಿದೆ, ದಿನಾ ಒಂಚೂರು ನಡೀರಿ" ಎಂದವರು ಅವರು. ಮಾರೇನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು, ಮೊಳೆಯಿಂದ ಹಿಡಿದು ನೀರಿನ ಟ್ಯಾಂಕಿನವರೆಗೆ ಮಾರುವ ನಾನು ಯಾವುದನ್ನೂ ಒಂಚೂರು ಮಾಡಿದವನಲ್ಲ. ನಡೆಯಲು ಹೋದವನು ಓಡಿದೆ. ಓಡಿದವನು ಜಿಮ್ಮಿಗೂ ಸೇರಿದೆ. ಅಲ್ಲಿನ ಹುಡುಗರು "ಅಂಕಲ್, ಸಕ್ಕತ್ತಾಗ್ ಮಾಡ್ತೀರಾ" ಎಂದರು. ಅಷ್ಟು ಸಾಕಾಯಿತು, ಕೆಟ್ಟೆ.

ಹೊಟ್ಟೆ ಇಳಿಯಿತು, ನಿಜ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದು ದಿನ ಓಡದಿದ್ದರೂ ಇಳಿದ ಹೊಟ್ಟೆ ವಾಪಸು ಬಂದು ಕೂತುಬಿಡುತ್ತದೆ ಎಂಬ ಭಯ ಹಿಡಿಯಿತು. ಮಂಡಿ ನೋಯುತ್ತಿತ್ತು, ಮುಲಾಮು ತಿಕ್ಕಿಕೊಂಡು ಓಡಿದೆ. ಜ್ವರ ಬಂತು, ಮಾತ್ರೆ ನುಂಗಿ ಓಡಿದೆ. ಷಡ್ಡಕರ ತಾಯಿ ತೀರಿಕೊಂಡಾಗ, ಬೆಳಗಿನ ಓಟ ತಪ್ಪಿಹೋಯಿತಲ್ಲ ಎಂದು ಸಾವಿನ ಮನೆಯ ಕಾಂಪೌಂಡಿನೊಳಗೇ ಬಿರಬಿರನೆ ಸುತ್ತು ಹಾಕತೊಡಗಿದೆ. "ಪಾಪ, ದುಃಖ ತಡ್ಕೊಳ್ಳೋಕಾಗ್ದೆ ಹೆಂಗ್ ಓಡಾಡ್ತಾವ್ರೆ ನೋಡಿ" ಎಂದು ಅಕ್ಕಪಕ್ಕದವರು ಕಣ್ಣೊರೆಸಿಕೊಂಡರು. ನನ್ನ ಹೆಂಡತಿ ಸಾವಿತ್ರಿಗೆ ಮಾತ್ರ ವಿಷಯ ಗೊತ್ತಿತ್ತು.

ಈ ಹುಚ್ಚು ನೆತ್ತಿಗೇರಿದ್ದಾಗಲೇ ಮಗಳು ಚೈತ್ರಳ ಮದುವೆಯಾಯಿತು. ಹೇರೋಹಳ್ಳಿಯ ಮುನಿರಾಜಪ್ಪನವರ ಮನೆಗೆ ಸೊಸೆಯಾಗಿ ಹೋದಳು. ಹೊಲಗಳೆಲ್ಲ ಸೈಟುಗಳಾಗಿ ಹೋದರೂ ಅವರು ಹಳೇ ಒಕ್ಕಲು ಮನೆತನದವರು, ನಡೆನುಡಿ ಬಿಟ್ಟವರಲ್ಲ. ಮದುವೆ ಮುಗಿದ ಮೇಲೆ ಅವರಲ್ಲಿ ಬೀಗರೂಟ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮದುವೆಯ ದಿನದ್ದು ಪಾಯಸದೂಟ, ಬೀಗರದ್ದು ಬಾಡೂಟ. ತಾಳಿ ಕಟ್ಟಿದರೆ ಗಂಡ ಹೆಂಡತಿಯಾಗುತ್ತಾರೆ, ಎರಡು ಮನೆಯವರು ನೆಂಟರಾಗುವುದು ಈ ಪಂಕ್ತಿಯಲ್ಲಿ. ಆ ಮನೆಯಲ್ಲಿ ಹೆಣ್ಣಿನ ಅಪ್ಪನಿಗೆ ಮೊದಲು ಬಡಿಸುತ್ತಾರೆ. ಅವನು ತುತ್ತು ಎತ್ತುವವರೆಗೆ ಉಳಿದವರು ಎಲೆಗೆ ಕೈ ಹಾಕುವುದಿಲ್ಲ. ಅವನು ತಿನ್ನಲಿಲ್ಲವೆಂದರೆ ಸಂಬಂಧದಲ್ಲಿ ಏನೋ ಹುಳುಕು ಬಿತ್ತು ಎಂದೇ ಲೆಕ್ಕ. ಇದೆಲ್ಲ ನನಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಬಾಡೂಟದ ವಾಸನೆಗೇ ತೂಕ ಏರೀತೆಂದು ಹಿಂದಿನ ದಿನದಿಂದಲೇ ಉಪವಾಸವಿದ್ದೆ.

ನೆಂಟರೆಲ್ಲ ಮೊದಲೇ ವ್ಯಾನಿನಲ್ಲಿ ಹೋಗಿದ್ದರು. ಬಾಡಿಗೆ ಕಾರಿನಲ್ಲಿ ನಾವಿಬ್ಬರೇ. ಸಾವಿತ್ರಿಯ ಕಣ್ಣು ನನ್ನ ತೊಡೆಯ ಮೇಲಿದ್ದ ಸ್ಟೀಲ್ ಡಬ್ಬಿಯ ಮೇಲೆ ಬಿತ್ತು.

"ಏನ್ರೀ ಅದು?"

"ನನ್ನ ಊಟ."

"ಬೀಗರೂಟಕ್ಕೆ ಬುತ್ತಿ ಕಟ್ಕೊಂಡ್ ಬಂದಿದೀರಾ?"

"ಮೊಳಕೆ ಕಾಳು, ಬೇಯಿಸಿದ ಮೊಟ್ಟೆ ಬಿಳೀದು ಅಷ್ಟೇ ಕಣೇ. ಯಾರ್ಗೂ ಗೊತ್ತಾಗಲ್ಲ ಬಿಡು."

"ಅಷ್ಟು ಜನದ ಮುಂದೆ ಎಲೆ ಮೇಲೆ ಸುರ್ಕೊಂಡ್ರೆ ಗೊತ್ತಾಗ್ದೆ ಇರುತ್ತಾ? ನಿಮಗೆ ತಲೆ ಕೆಟ್ಟಿದೆ ಕಣ್ರೀ. ತಮಾಷೆಗೆ ಹೇಳ್ತಿಲ್ಲ, ನಿಜವಾಗ್ಲೂ ಕೆಟ್ಟಿದೆ."

ಹೇರೋಹಳ್ಳಿ ಹತ್ತಿರ ರಸ್ತೆ ಅಗೆದು ಹಾಕಿದ್ದರು. ಕಾರು ತೆವಳತೊಡಗಿತು. ಬೆಳಗಿನ ಓಟ ಬೇರೆ ತಪ್ಪಿತ್ತು. ಸಾವಿತ್ರಿ "ಅಯ್ಯೋ, ಎಲ್ಲಿಗ್ರೀ" ಎನ್ನುತ್ತಿದ್ದಂತೆ ಬಾಗಿಲು ತೆಗೆದು ಇಳಿದು ಓಡಿದೆ. ಬಿಳಿ ಪಂಚೆ ಎತ್ತಿ ಕಟ್ಟಿದ್ದೆ, ಹೆಗಲ ಮೇಲೆ ರೇಷ್ಮೆ ಶಲ್ಯ, ಕಾಲಿಗೆ ಗಿಳಿಹಸಿರು ಸ್ಪೋರ್ಟ್ಸ್ ಶೂ, ಕೈಯಲ್ಲಿ ಡಬ್ಬಿ. ಹೆಣ್ಣಿನ ಅಪ್ಪ ಒಬ್ಬನೇ ಏದುಸಿರು ಬಿಡುತ್ತಾ ಓಡಿ ಬರುವುದನ್ನು ಶಾಮಿಯಾನದ ಬಾಗಿಲಲ್ಲಿ ನಿಂತಿದ್ದವರು ಕಂಡರು. ಏನೋ ಅನಾಹುತವಾಗಿದೆ ಎಂದು ಬೀಗರ ಕಡೆಯ ಗಂಡಸರೆಲ್ಲ ನನಗೆದುರಾಗಿ ಓಡಿ ಬಂದರು.

"ಏನಾಯ್ತು ಬೀಗ್ರೇ? ಆಕ್ಸಿಡೆಂಟಾ? ಬೀಗಿತ್ತಿಯವ್ರು ಎಲ್ಲವ್ರೆ?" ಮುನಿರಾಜಪ್ಪನವರು ನನ್ನ ತೋಳು ಹಿಡಿದುಕೊಂಡರು.

"ಏನಿಲ್ಲ ಬೀಗ್ರೇ, ಹಿಂದೆ ಕಾರಲ್ಲಿ ಬರ್ತಾ ಇದಾಳೆ. ನಾನು ಸುಮ್ನೆ ಓಡ್ದೆ."

"ಸುಮ್ನೆ?"

"ಸುಮ್ನೆ."

ಅವರು ನನ್ನ ಮುಖ ನೋಡಿದರು, ಶೂ ನೋಡಿದರು. "ಬನ್ನಿ, ಮೊದ್ಲು ನೆರಳಿಗೆ ಬನ್ನಿ" ಎಂದರು.

ಪಂಕ್ತಿ ಕೂತಿತು. ಮುನಿರಾಜಪ್ಪನವರೇ ಖುದ್ದು ನಿಂತು ನನ್ನ ಎಲೆಗೆ ಬಡಿಸಿದರು. ಮುದ್ದೆ ಬಂತು, ಬೋಟಿ ಗೊಜ್ಜು ಬಂತು, ಚಾಪ್ಸ್ ಬಂತು, ಮೇಲೆ ಸಾರು ಬಂತು. ನಾನು ಅಷ್ಟನ್ನೂ ಎಲೆಯ ಒಂದು ಮೂಲೆಗೆ ತಳ್ಳಿ, ಡಬ್ಬಿಯ ಮುಚ್ಚಳ ತೆಗೆದು ಮೊಳಕೆ ಕಾಳು ಸುರಿದುಕೊಂಡೆ. ಪಂಕ್ತಿಯವರೆಲ್ಲ ಕೈ ಹಿಂದಕ್ಕೆಳೆದುಕೊಂಡರು. ಮುನಿರಾಜಪ್ಪನವರ ತಾಯಿ ಹೊನ್ನಮ್ಮಜ್ಜಿ ಆ ಮನೆಯ ಹೈಕಮಾಂಡ್. ಕೋಲೂರಿಕೊಂಡು ನನ್ನೆದುರಿಗೇ ಬಂದು ನಿಂತರು.

"ನಮ್ಮನೆ ಮುದ್ದೆನ ಪಕ್ಕಕ್ ತಳ್ಬುಟ್ರಲ್ಲಪ್ಪ. ಏನ್ ಕಮ್ಮಿಯಾಯ್ತು, ಹೇಳ್ಬುಡಿ."

"ಕಮ್ಮಿ ಏನಿಲ್ಲಮ್ಮ. ಎಣ್ಣೆ ಸ್ವಲ್ಪ ಜಾಸ್ತಿ, ಅಷ್ಟೇ."

ಒಲೆಯ ಮುಂದೆ ತಾವೇ ನಿಂತು ಅಡುಗೆ ಮಾಡಿಸಿದ್ದ ಮುನಿರಾಜಪ್ಪನವರ ಮುಖ ಇಷ್ಟು ಚಿಕ್ಕದಾಯಿತು. ಅಷ್ಟರಲ್ಲಿ ಚೈತ್ರ ನೀರಿನ ಜಗ್ಗು ಹಿಡಿದು ಬಂದು ನನ್ನ ಕಿವಿಯ ಹತ್ತಿರ ಬಗ್ಗಿದಳು. "ಅಪ್ಪಾ, ಒಂದೇ ಒಂದ್ ತುತ್ತು ತಿನ್ನಪ್ಪ. ನಾನು ಈ ಮನೇಲಿ ಬಾಳ್ಬೇಕು" ಎಂದಳು. ಕಣ್ಣಲ್ಲಿ ನೀರಿತ್ತು. ಆಗ ಈ ಅಪ್ಪನ ತಲೆಯಲ್ಲಿ ಓಡಿದ್ದೇನು ಗೊತ್ತೇ? ಈ ತುತ್ತನ್ನು ಕರಗಿಸಲು ಪಾರ್ಕಿಗೆ ಎಷ್ಟು ಸುತ್ತು ಹಾಕಬೇಕಾದೀತು ಎಂಬ ಲೆಕ್ಕ.

"ನಾಳೆ ತಿಂತೀನಿ ಕಂದಾ" ಎಂದೆ. ನಾಳೆಯಂತೆ! ಬೀಗರೂಟವನ್ನು ನಾಳೆ ತಿನ್ನುತ್ತಾನಂತೆ, ಮಹಾನುಭಾವ.

ಹಿಂದಿನ ಸಾಲಿನಲ್ಲಿ ಹೆಂಗಸರ ಗುಸುಗುಸು ಶುರುವಾಯಿತು. "ಏನೋ ಕಾಯ್ಲೆ ಇರ್ಬೇಕು ಕಣೇ. ಮದ್ವೆ ಮುಗಿಯೋಗಂಟ ಮುಚ್ಚಿಟ್ಟವ್ರೆ." "ಅಂಗಾರೆ ಹುಡ್ಗಿಗೂ ಇದ್ದಾತಾ?" ನನಗೆ ಮೈಯೆಲ್ಲ ಉರಿದುಹೋಯಿತು. ನನಗೆ ಕಾಯಿಲೆಯೇ? ಆ ಜಿಮ್ಮಿನಲ್ಲಿ ಹುಡುಗರನ್ನೇ ಸುಸ್ತು ಮಾಡಿಸುವ ನನಗೆ? ಎದ್ದು ನಿಂತೆ. "ಕಾಯಿಲೆ ಅಂದೋರು ಇಲ್ಲಿ ನೋಡಿ" ಎಂದು ಪಂಚೆ ಸಿಕ್ಕಿಸಿ, ಎರಡು ಸಾಲು ಟೇಬಲ್ಲುಗಳ ನಡುವೆ ಬಸ್ಕಿ ಹೊಡೆಯತೊಡಗಿದೆ.

ಕೆಳಗೆ ಹೋಗುವಾಗ ತೊಂದರೆಯೇನೂ ಆಗಲಿಲ್ಲ. ಮೇಲೆ ಬರುವಾಗ ಮಂಡಿ ಒಪ್ಪಲಿಲ್ಲ. ಉಪವಾಸದ ತಲೆ ಗಿರ್ರೆಂದಿತು. ಕೈಗೆ ಸಿಕ್ಕಿದ್ದು ಟೇಬಲ್ಲಿನ ಮೇಲೆ ಹಾಸಿದ್ದ ಪೇಪರ್. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ನಾನು ಬಿದ್ದೆ. ಪೇಪರಿನ ಜೊತೆ ಸಾಲಿನ ಎಲೆಗಳೆಲ್ಲ, ಅವುಗಳ ಮುದ್ದೆ ಸಾರು ಸಮೇತ, ನನ್ನ ಮೇಲೆ ಬಿದ್ದವು. ತಿನ್ನುವುದಿಲ್ಲ ಎಂದಿದ್ದನ್ನು ಅಡಿಯಿಂದ ಮುಡಿಯವರೆಗೆ ಬಳಿದುಕೊಂಡು ಮಲಗಿದೆ.

ಕಣ್ಣು ಬಿಟ್ಟಾಗ ಅಜ್ಜಿಯ ಕೋಣೆಯ ಮಂಚದ ಮೇಲಿದ್ದೆ. ಚೈತ್ರ ಗಾಳಿ ಬೀಸುತ್ತಿದ್ದಳು. ಅಜ್ಜಿ ಒಂದು ಲೋಟ ಬಿಸಿ ಕಾಲುಸೂಪು ಹಿಡಿದು ಕೂತಿದ್ದರು.

"ಇದಕ್ಕೆ ತುಪ್ಪ ಹಾಕಿದೀರಾ?" ಎಂದು ಕೇಳಿದೆ. ದೇವರಾಣೆ, ಆಗಲೂ ಅದನ್ನೇ ಕೇಳಿದೆ.

"ಕುಡೀತೀರೋ, ಮೂಗು ಹಿಡಿದು ಹುಯ್ಯಲೋ?" ಎಂದಳು ಬಾಗಿಲಲ್ಲಿದ್ದ ಸಾವಿತ್ರಿ. ಕುಡಿಯತೊಡಗಿದೆ.

ಚೈತ್ರ ಬೀಸಣಿಗೆ ನಿಲ್ಲಿಸಿದಳು. "ಅಪ್ಪ, ನನ್ನನ್ನ ಕಳಿಸ್ಕೊಡ್ಬೇಕಾದ್ರೆ ಎಲ್ರೂ ಅಳ್ತಿದ್ರು. ನೀನು ಗಡಿಯಾರ ನೋಡ್ತಿದ್ದೆ. ಜಿಮ್ ಮುಚ್ಬಿಡುತ್ತೆ ಅಂತ ಅಲ್ವಾ?"

ಲೋಟ ಕೆಳಗಿಟ್ಟೆ. ಅವಳು ಹೇಳಿದ್ದು ನಿಜವಾಗಿತ್ತು. ಹೆತ್ತ ಮಗಳು ಹೊಸಿಲು ದಾಟುವಾಗ ನಾನು ಜಿಮ್ಮಿನ ಚಿಂತೆಯಲ್ಲಿದ್ದೆ. ಮಂಡಿಗಿಂತ ಹೆಚ್ಚಾಗಿ ಎದೆಯಲ್ಲಿ ನೋವಾಯಿತು, ನಾಚಿಕೆಯಾಯಿತು, ಅಳುವೂ ಬಂತು. ಕಾಯಿಲೆ ಇದೆ ಎಂದ ಆ ಹೆಂಗಸರು ಸುಳ್ಳು ಹೇಳಿರಲಿಲ್ಲ. ಮೂಗೊರೆಸಿಕೊಂಡು, "ಬೀಗ್ರನ್ನ ಕರೀರಿ, ಮುದ್ದೆ ತರ್ಲಿ" ಎಂದೆ. ಮುನಿರಾಜಪ್ಪನವರು ತಂದರು. ಅವರ ಮುಂದೆಯೇ ಎರಡು ಮುದ್ದೆ ನುಂಗಿದೆ. ಮೂರನೆಯದನ್ನು ಅವರೇ ತಡೆದರು.

ಈಗ ಡಾಕ್ಟರ ಅಪ್ಪಣೆಯಂತೆ ಒಂಚೂರು ನಡೆಯುತ್ತೇನೆ, ಅದೂ ಸಾವಿತ್ರಿಯ ಜೊತೆಯಲ್ಲಿ, ಅವಳ ವೇಗದಲ್ಲಿ. ಆದರೆ ನನ್ನಿಂದಾಗಿ ಆ ಮನೆಯಲ್ಲಿ ಮಗಳ ಮರ್ಯಾದೆ ಹೋಯಿತಲ್ಲ ಎಂಬ ಕೊರಗು ಒಳಗೊಳಗೇ ಇತ್ತು. ಚೈತ್ರ ಹಬ್ಬಕ್ಕೆ ಬಂದಾಗ ಹಿಂಜರಿಯುತ್ತಲೇ ಕೇಳಿದೆ. "ಅಲ್ಲಿ ನಿನ್ನ ಚೆನ್ನಾಗ್ ನೋಡ್ಕೋತಾರೇನಮ್ಮ?"

"ತುಂಬಾ ಚೆನ್ನಾಗಿ ಅಪ್ಪ. ನನ್ನ ಕೈಲಿ ಒಂದ್ ಕೆಲ್ಸ ಮಾಡ್ಸಲ್ಲ. ಅಜ್ಜಿ ಅಂತೂ ದಿನಾ ಪಕ್ಕದಲ್ಲೇ ಕೂರಿಸ್ಕೊಂಡು ಊಟ ಹಾಕ್ತಾರೆ."

ನನಗೆ ಜೀವ ಬಂದಂತಾಯಿತು. ಮೀಸೆಯ ಮೇಲೆ ಕೈಯಾಡಿಸಿಕೊಂಡೆ. "ಮತ್ತೆ? ಯಾರ ಮಗಳು ನೀನು?"

"ಅವ್ರೂ ಅದನ್ನೇ ಅಂತಾರೆ ಅಪ್ಪ. 'ಅಂಥಾ ಅಪ್ಪನ ಜೊತೆ ಇಷ್ಟ್ ವರ್ಷ ಹೆಂಗಿದ್ಯೋ ಮಗಾ, ಇಲ್ಲಾದ್ರೂ ಸುಖವಾಗಿರು' ಅಂತ."