ಎತ್ತು ಕೊಳ್ಳಲು ಹೊರಟ ಮಾವ

ನನ್ನ ಸೋದರಮಾವ ತಮ್ಮ ಜೀವಮಾನದಲ್ಲಿ ಒಂದೇ ಒಂದು ನೇರವಾದ ಪ್ರಶ್ನೆ ಕೇಳಿದವರು. ಹೌದು, ಒಂದೇ ಒಂದು! ಹೊಟ್ಟೆ ಹಸಿದರೆ "ಅಡುಗೆ ಆಯಿತೇ" ಎಂದು ಕೇಳುವ ಜಾಯಮಾನವೇ ಅವರದಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಈ ಬೆಕ್ಕು ಯಾಕೋ ಒಲೆ ಕಡೀಗೇ ನೋಡ್ತಾ ಐತಲ್ಲ!" ಎನ್ನುವರು. ಅತ್ತೆ ಒಳಗಿನಿಂದಲೇ, "ಮುದ್ದೆ ಇನ್ನೂ ಆಗಿಲ್ಲ, ಜಗಲಿ ಮ್ಯಾಲೆ ಕುಂತ್ಕಳಾಕೆ ಹೇಳ್ರಿ ಆ ಬೆಕ್ಕಿಗೆ!" ಎಂದು ಉತ್ತರ ಕೊಡುವರು.

"ನೇರವಾಗಿ ಕೇಳಿದ್ರೆ ಜನ ನೇರವಾಗೇ ಸುಳ್ಳು ಹೇಳ್ತಾರೆ. ಸುತ್ತಿ ಬಳಸಿ ಕೇಳಿದ್ರೆ ಸುಳ್ಳು ಕಟ್ಟಾಕೆ ಅವರಿಗೆ ಪುರುಸೊತ್ತೇ ಸಿಗಲ್ಲ." ಇದು ಮಾವನ ಸಿದ್ಧಾಂತ.

ಈಗ ನನ್ನ ಮೊಮ್ಮಗ ಮೈಸೂರಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಾನೆ. ಜನರನ್ನು ಯಾರನ್ನು ಕೇಳಬೇಕು, ಹೇಗೆ ಕೇಳಬೇಕು, ಕೇಳಿದ್ದನ್ನು ಎಷ್ಟು ನಂಬಬೇಕು ಎಂಬುದಕ್ಕೆಲ್ಲ ಒಂದು ಸಂಶೋಧನಾ ವಿಧಾನವಿದೆಯಂತೆ! ರಜೆಗೆ ಬಂದವನು ದೊಡ್ಡ ವಿದ್ವಾಂಸನ ಗತ್ತಿನಲ್ಲಿ ವಿವರಿಸುತ್ತಿದ್ದರೆ ನನಗೆ ನಗು ತಡೆಯಲಾಗಲಿಲ್ಲ. ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟುತ್ತಿದ್ದ ಕಾಲಕ್ಕೇ ಹಿರಿಯೂರಿನ ನಮ್ಮ ಮಾವನ ಕೊಬ್ಬರಿ ಅಂಗಡಿಯಲ್ಲಿ ಈ ಶಾಸ್ತ್ರವೆಲ್ಲ ಜಾರಿಯಲ್ಲಿತ್ತಲ್ಲ!

ಕೊಬ್ಬರಿ ಕೊಳ್ಳುವಾಗ ಮಾವ ರಾಶಿಯ ಮೇಲಿನದನ್ನು ಮುಟ್ಟುತ್ತಲೂ ಇರಲಿಲ್ಲ. "ಮ್ಯಾಲಿಂದು ಮಾರೋನು ತೋರ್ಸಾಕೆ ಇಟ್ಟಿದ್ದು" ಎಂದು ತೋಳೇರಿಸಿ ನಡುವಿಗೆ, ಮಗ್ಗುಲಿಗೆ, ಕೊನೆಗೆ ತಳಕ್ಕೆ ಕೈ ಹಾಕಿ ಎಳೆದು, ಒಡೆದು, ಮೂಸಿ ನೋಡಿದ ಮೇಲೆಯೇ ಬೆಲೆಯ ಮಾತು. ಊರೂ ಅಷ್ಟೇ ಎನ್ನುವುದು ಅವರ ವಾದ. ಗೌಡರು, ಶ್ಯಾನುಭೋಗರು ಎಲ್ಲ ರಾಶಿಯ ಮೇಲಿನ ಕೊಬ್ಬರಿ. ನಿಜ ಬೇಕಾದರೆ ತಳಕ್ಕೆ ಕೈ ಹಾಕಬೇಕು!

ಇಂಥ ಮಾವನ ಪಾಲಿಗೆ ನನ್ನ ಮದುವೆಯ ವಿಚಾರಣೆ ಬಂತು. ಅಂದಿನ ದಿನಗಳಲ್ಲಿ ಗಂಡಿನ ಮನೆ ವಿಚಾರಿಸುವುದೆಂದರೆ ಏನು? ಆ ಊರಿನ ದೊಡ್ಡ ಮನುಷ್ಯರ ಜಗಲಿಯಲ್ಲಿ ಕೂತು, "ಹುಡುಗ ಹೆಂಗ್ರಿ?" ಎಂದು ಕೇಳಿ, "ಬಂಗಾರ" ಎಂಬ ಉತ್ತರ ಪಡೆದು, ಹಾಲು ಕುಡಿದು ಬರುವುದು. ಹಾಗೆ ಬಂದ ಬಂಗಾರಗಳು ಎಷ್ಟೋ ಹೆಣ್ಣುಮಕ್ಕಳ ಬದುಕನ್ನು ಕಣ್ಣೀರಲ್ಲಿ ಅದ್ದಿದ್ದವು. ನನ್ನ ತಂದೆ ಮಾತ್ರ ಅವಸರದವರು. ಹೊಳಲ್ಕೆರೆಯ ಜವಳಿ ವ್ಯಾಪಾರಿಯ ಮನೆ ಒಪ್ಪಿದೆ ಎಂದು ಕುಣಿಯುತ್ತಿದ್ದರು. ಮಾವ, "ಎತ್ತು ಕೊಳ್ಳಾಕೆ ಹೋಗಿ ಬರ್ತೀನಿ" ಎಂದು ಹೆಗಲಿಗೆ ವಲ್ಲಿ ಹಾಕಿಕೊಂಡು ಹೊರಟರು.

ಹೋದರು, ಬಂದರು. ನಿಜವಾಗಿಯೂ ಒಂದು ಎತ್ತನ್ನು ಹೊಡೆದುಕೊಂಡು ಬಂದರು!

ಅಪ್ಪ ಹೌಹಾರಿದರು. "ಏನ್ ಭಾವ, ಗಂಡು ನೋಡ್ಕಂಡು ಬಾ ಅಂದ್ರೆ ಮುದಿ ಎತ್ತು ತಂದಿದೀಯಲ್ಲ!"

"ಅವರ ಮನೇದೇ. ನಿನ್ನ ತಲೆ ಒಂದಿಷ್ಟು ಕೆರ್ಕೋ, ನೋಡಾಣ."

ಅಪ್ಪ ಗೊಂದಲದಲ್ಲಿ ತಲೆ ಕೆರೆದುಕೊಳ್ಳಲು ಕೈ ಎತ್ತಿದರು. ಎತ್ತು ಬೆದರಿ ಮುಖ ತಿರುಗಿಸಿ, ಮೈಯೆಲ್ಲ ಮುದುಡಿಕೊಂಡು ಗೋಡೆಗೆ ಒರಗಿತು.

"ಕೈ ಎತ್ತಿದ್ರೆ ಈ ಮೂಕ ಪ್ರಾಣಿ ಹಿಂಗಾಗ್ತೈತೆ. ಆ ಮನೇಲಿ ಕೈ ಯಾವಾಗ ಏಳ್ತೈತೆ, ಯಾಕೆ ಏಳ್ತೈತೆ ಅಂತ ನಾನು ಯಾರನ್ನೂ ಕೇಳ್ಲಿಲ್ಲಪ್ಪ" ಎಂದರು ಮಾವ. ಅಪ್ಪ ಆ ಸಂಬಂಧದ ಮಾತನ್ನು ಮತ್ತೆ ಎತ್ತಲಿಲ್ಲ.

ಹಾಗೆಂದು ಮಾವನ ಶಾಸ್ತ್ರ ಎಲ್ಲೂ ಮುಗ್ಗರಿಸಲಿಲ್ಲ ಎಂದುಕೊಳ್ಳಬೇಡಿ! ಎರಡನೆಯ ಸಂಬಂಧ ಹರಿಯಬ್ಬೆಯದು. ಮಾವ ಅಲ್ಲಿಗೆ ಹೋಗಿ, "ಈ ಮನೆ ಕಣಜ ಎಷ್ಟು ಎತ್ತರ ಐತ್ರಿ? ಇಲ್ಲಿ ಹಬ್ಬಕ್ಕೆ ಎಷ್ಟು ಮನೇಲಿ ಹೋಳಿಗೆ ಮಾಡ್ತಾರೆ?" ಎಂದು ಬಳಸಿ ಬಳಸಿ ಕೇಳುತ್ತ ಹೋದರು. ಹೊತ್ತು ಏರುವುದರೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತು: ಸರ್ಕಾರದ ಮನುಷ್ಯ ಬಂದಿದ್ದಾನೆ, ಕಂದಾಯ ಏರಿಸುತ್ತಾರೆ! ಹಿತ್ತಾಳೆ ಕೊಡಗಳೆಲ್ಲ ಹುಲ್ಲಿನ ಬಣವೆಯೊಳಗೆ ಸೇರಿದವು. ಗಂಡಿನ ಅಪ್ಪ ಹರಕು ಪಂಚೆ ಸುತ್ತಿಕೊಂಡು ಬಂದು, "ಮೂರು ಹೊತ್ತಿನ ಗಂಜಿಗೂ ಗತಿ ಇಲ್ಲ ಸ್ವಾಮಿ" ಎಂದು ಗೋಳಾಡಿದ. ಮೃದು ಹೃದಯದ ನಮ್ಮ ಮಾವ ಕಣ್ಣೊರೆಸಿಕೊಂಡು, ಗಾಡಿಯಲ್ಲಿದ್ದ ತೆಂಗಿನಕಾಯಿ ಮೂಟೆಯನ್ನು ಅವನ ಬಾಗಿಲಿಗೆ ಇಳಿಸಿ ಬಂದರು! ಆತ ಆ ಸೀಮೆಗೇ ದೊಡ್ಡ ಸಾಹುಕಾರನೆಂದು ನಮಗೆ ತಿಳಿಯುವ ಹೊತ್ತಿಗೆ, ಅವನು ಮಗನಿಗೆ ಬೇರೆ ಕಡೆ ಹೆಣ್ಣು ಗೊತ್ತುಮಾಡಿಯಾಗಿತ್ತು.

ಅತ್ತೆ ವಾರಗಟ್ಟಲೆ ನಕ್ಕರು. "ನಿಮ್ಮ ಕಾಯಲ್ಲೇ ಹೋಳಿಗೆ ಮಾಡಿರ್ತಾರೆ ಬಿಡ್ರಿ!"

"ತಪ್ಪು ಅವರದಲ್ಲ ಕಣೇ. ಕೇಳೋನು ಯಾರು ಅಂತ ನೋಡ್ಕಂಡು ಜನ ಉತ್ತರ ಹೇಳ್ತಾರೆ. ನಾನು ಅವರ ಮುಖ ನೋಡಿದ್ನೇ ಹೊರತು, ನನ್ನ ಮುಖ ಅವರಿಗೆ ಹೆಂಗೆ ಕಾಣ್ತೈತೆ ಅಂತ ನೋಡ್ಕಳ್ಲಿಲ್ಲ" ಎಂದು ಮಾವ ಗಂಭೀರವಾಗಿ ಒಪ್ಪಿಕೊಂಡರು.

ಮೂರನೆಯದು ಮಾಡದಕೆರೆಯ ಸಂಬಂಧ. ಅದನ್ನು ನೆನೆಸಿಕೊಂಡರೆ ಈಗಲೂ ಪಕ್ಕೆ ಹಿಡಿದುಕೊಂಡು ನಗುತ್ತೇನೆ! ಮಾವ ಎತ್ತು ಕೊಳ್ಳುವವರಾಗಿ ಹೊರಟು ಹೊಸದುರ್ಗದ ಸಂತೆಯಲ್ಲಿ ಗಾಡಿ ಬಿಟ್ಟರು. ಪಕ್ಕದಲ್ಲೇ ಇನ್ನೊಂದು ಗಾಡಿ. ಅದರ ಯಜಮಾನ ದೊಡ್ಡ ರುಮಾಲಿನ ರೈತ. ತಾನು ಕೊಬ್ಬರಿ ವ್ಯಾಪಾರಿ, ಹಿರಿಯೂರಿಗೆ ಹೊರಟಿದ್ದೇನೆ ಎಂದ. ಎಲೆ ಅಡಿಕೆ ಕೈ ಬದಲಾಯಿತು.

"ಹಿರಿಯೂರು ಕಡೇರಾ? ಅಲ್ಲಿ ಬಾವಿ ನೀರು ಸಿಹಿಯಂತೆ?" ಎಂದ ಆತ.

"ಸಿಹಿ. ಮಾಡದಕೆರೆ ಕಡೆ ಹೊಲದಾಗೆ ಕಲ್ಲು ಜಾಸ್ತಿಯಂತೆ?" ಎಂದರು ಮಾವ.

ಹೀಗೇ ನೀರು, ಕಲ್ಲು, ಮಳೆ, ಮಠ ಎಂದು ಮಾತು ಸುತ್ತುತ್ತಲೇ ಇತ್ತು. ಇಬ್ಬರಿಗೂ ಒಳಗೊಳಗೇ ಸಂಭ್ರಮ, ಒಳ್ಳೆಯ ಮಿಕ ಸಿಕ್ಕಿದೆ ಎಂದು! ಅಷ್ಟರಲ್ಲಿ ಆ ರೈತ ಎದುರಿನ ಅಂಗಡಿಯಲ್ಲಿ ಕೊಬ್ಬರಿ ರಾಶಿಯ ಮೇಲಿನದನ್ನೇ ಎತ್ತಿಕೊಂಡು "ಭಾರಿ ಮಾಲು" ಎಂದು ತಲೆದೂಗಿದ. ಮಾವನ ಹುಬ್ಬು ಮೇಲೇರಿತು. ಇವನು ಕೊಬ್ಬರಿ ವ್ಯಾಪಾರಿಯೇ? ಅದೇ ಗಳಿಗೆಯಲ್ಲಿ ಮಾವ ಅವನ ಎತ್ತಿನ ಹಲ್ಲು ನೋಡುವ ಬದಲು ಬಾಲ ಹಿಡಿದು, "ಎಳೇ ವಯಸ್ಸು" ಎಂದರು. ರೈತನ ಹುಬ್ಬೂ ಮೇಲೇರಿತು.

"ಹಿರಿಯೂರಲ್ಲಿ ಕೊಬ್ಬರಿ ಅಂಗಡಿಯೋರ ತಂಗಿ ಮಗಳು ಒಬ್ಳು ಅದಾಳಂತಲ್ಲ. ಬಾಯಿ ಜೋರಂತೆ?" ಎಂದು ಆತ ಮೆಲ್ಲಗೆ ಎಸೆದ.

"ಬಾಯಿ ಜೋರೇ! ಆದ್ರೆ ಸುಳ್ಳು ಹೇಳಾಕೆ ಬರಲ್ಲ. ಅಂದಂಗೆ, ಮಾಡದಕೆರೇಲಿ ಒಬ್ಬ ಹುಡುಗ ಅದಾನಂತೆ, ಸಿಟ್ಟು ಜಾಸ್ತಿಯಂತೆ?"

"ಸಿಟ್ಟು ಬಂದ್ರೆ ಮಾತಾಡಲ್ಲ. ಹೊಲಕ್ಕೆ ಹೋಗಿ ಕಲ್ಲು ಆರಿಸಿ ಬದುವಿನ ಮ್ಯಾಲೆ ಹಾಕ್ತಾನೆ. ಅವನು ನನ್ನ ಅಣ್ಣನ ಮಗ..."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎದ್ದ ನಗುವಿಗೆ ಸಂತೆಯ ಅರ್ಧ ಜನ ಸುತ್ತ ನೆರೆದರಂತೆ! ಆದರೂ ಮಾವ ಮಾತನ್ನಷ್ಟೇ ನಂಬಿ ಹಿಂದಿರುಗುವವರೇ? ಮಾಡದಕೆರೆಗೆ ಹೋಗಿ, ಆ ಹೊಲದ ಬದುವನ್ನು ಕಣ್ಣಾರೆ ನೋಡಿ ಬಂದು ವರದಿ ಒಪ್ಪಿಸಿದರು: "ಕಲ್ಲಿನ ಗುಡ್ಡೆ ಅಷ್ಟೇನೂ ದೊಡ್ಡದಿಲ್ಲ. ಈ ಸಂಬಂಧ ಆಗಬೌದು."

ಎಲ್ಲರೂ ಒಪ್ಪಿದರು. ವೀಳ್ಯಶಾಸ್ತ್ರದ ಹಿಂದಿನ ಸಂಜೆ ನಾನು ಹಿತ್ತಲಲ್ಲಿ ರಾಗಿ ಕೇರುತ್ತಿದ್ದೆ. ಮಾವ ಬಂದು ಒರಳಿನ ಮೇಲೆ ಕೂತರು. "ಮಾಡದಕೆರೆ ಕಡೆ ಗಾಳಿ ಜೋರು" ಎಂದರು. "ಅಲ್ಲಿ ಅವರೆಕಾಯಿ ಚೆನ್ನಾಗಿ ಬೆಳೀತವೆ" ಎಂದರು. ವಲ್ಲಿಯ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಇದು ಯಾವ ಸುತ್ತು, ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನಾನು ಒಳಗೇ ನಗುತ್ತಿದ್ದೆ.

"ಮಗಾ, ನಿಂಗೆ ಈ ಮದುವೆ ಇಷ್ಟ ಐತಾ?"

ನನ್ನ ಕೈಯಲ್ಲಿದ್ದ ಮೊರ ನಿಂತುಹೋಯಿತು. ನಮ್ಮ ಮನೆತನದಲ್ಲಿ ಯಾವ ಹೆಣ್ಣನ್ನೂ ಯಾರೂ ಕೇಳದ ಮಾತು ಅದು. ನನ್ನ ಅಜ್ಜಿಯನ್ನು ಕೇಳಿರಲಿಲ್ಲ, ಅವ್ವನನ್ನು ಕೇಳಿರಲಿಲ್ಲ.

"ಮೂರು ಊರು ಕೇಳ್ದೆ. ರಾಶಿ ತಳಕ್ಕೇ ಕೈ ಹಾಕದೆ ಬಿಟ್ಟಿದ್ನಲ್ಲ! ಬ್ಯಾಡ ಅಂದ್ರೆ ಹೇಳು, ಈಗ್ಲೇ ಗಾಡಿ ಕಟ್ಟಿ ಹೋಗಿ ಸಂಬಂಧ ಬಿಡಿಸ್ಕಂಡು ಬರ್ತೀನಿ. ಉಗಿಯೋರು ನನಗೆ ಉಗೀಲಿ."

ಬಾಯಿ ಜೋರೆಂದು ಹೆಸರಾದ ನಾನೂ ಮಾವನ ದಾರಿಯನ್ನೇ ಹಿಡಿದೆ. ಸುತ್ತಿ ಬಳಸಿ ಕೇಳಿದೆ: "ಮಾವ, ಆ ಊರಿಗೆ ಹಿರಿಯೂರಿಂದ ಗಾಡಿ ದಾರಿ ಚೆನ್ನಾಗೈತಾ?"

ಮಾವನಿಗೆ ಅರ್ಥವಾಗದಿರುತ್ತದೆಯೇ? ವಲ್ಲಿಯಿಂದ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟರು. ನಾನೂ ಅತ್ತುಬಿಟ್ಟೆ.

ಮದುವೆಯಾದ ಮೇಲೆ ಅವರು ಮಾಡದಕೆರೆಗೆ ಬರುತ್ತಲೇ ಇದ್ದರು. ನಿನ್ನನ್ನು ನೋಡಲು ಬಂದೆ ಎಂದು ಒಮ್ಮೆಯೂ ಹೇಳಲಿಲ್ಲ. ಎತ್ತು ಕೊಳ್ಳಲು ಬಂದೆ ಎನ್ನುವರು! ದಾರಿಯಲ್ಲಿ ಹೊಲದ ಬದುವಿನ ಕಡೆ ಒಮ್ಮೆ ಕಣ್ಣಾಡಿಸಿ, ನೇರವಾಗಿ ನಮ್ಮ ಕೊಟ್ಟಿಗೆಗೆ ಹೋಗಿ, ತಲೆ ಕೆರೆದುಕೊಳ್ಳುವವರ ಹಾಗೆ ಮೆಲ್ಲಗೆ ಕೈ ಎತ್ತುವರು. ನಮ್ಮ ಎತ್ತುಗಳು ಅವರ ಕಡೆ ತಿರುಗಿಯೂ ನೋಡದೆ ಹುಲ್ಲು ಮೆಲ್ಲುತ್ತಿದ್ದವು. ಅದನ್ನು ನೋಡಿದ ಮೇಲೆಯೇ ಮಾವ ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದರು.